ಒಂದು ಮನೆಗೆ ಎರಡು ಜಿ.ಪಿ.ಎಸ್.

ಗುರುಪ್ರಸಾದನಿಗೆ ಬಂದಿದ್ದು ಸಾಮಾನ್ಯ ಸಿಟ್ಟಲ್ಲ. ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಏದುಸಿರು ಬಿಡುತ್ತಾ ಸೈಕಲ್ ತುಳಿದು ಮಾವನ ಮನೆಗೆ ಹೋದರೆ, ಮಾವ ಶಿವಮಲ್ಲಪ್ಪನವರು ಕೈಕಾಲಿಗೆ ನೀರು ಕೊಡುವ ಮೊದಲೇ ಕೇಳಿದ್ದರು:

"ಲಗೇಜ್ ಆಟೋನ ಎಲ್ಲಿ ಬುಟ್ರಿ ಅಳಿಯಂದ್ರೇ? ಊರಾಚೆಗೇ ಇಳ್ಕಂಡ್ರಾ?"

ಶಿವಮಲ್ಲಪ್ಪನವರದು ಬಾಳೆಕಾಯಿ ಮಂಡಿ. ಅವರ ಲೆಕ್ಕದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಚಲಿಸುವ ಸಕಲ ಚರಾಚರ ವಸ್ತುಗಳೂ ಲಗೇಜ್ ಆಟೋದಲ್ಲೇ ಚಲಿಸುತ್ತವೆ. ಗುರುಪ್ರಸಾದ್ ಆಣೆ ಇಟ್ಟ. ಬೆವರಿನಲ್ಲಿ ತೊಯ್ದ ಅಂಗಿ ತೋರಿಸಿದ. "ಈ ಬಿಸ್ಲಲ್ಲಿ ಆಟೋ ಇಂದ್ಗಡೆ ಕೂತ್ರೂ ಬೆವರ್ತದೆ ಕಣ್ರೀ" ಎಂದು ಮಾವ ನಕ್ಕರು. ನಗು ಅಲ್ಲಿಗೇ ನಿಂತಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಅಂದಿನಿಂದ ನೆಂಟರಿಷ್ಟರ ಬಾಯಲ್ಲಿ ಅವನ ಹೆಸರೇ 'ಲಗೇಜ್ ಅಳಿಯ' ಎಂದಾಯಿತು. ನೆಂಟರೊಬ್ಬರ ಮನೆಯ ನಾಮಕರಣದ ಊಟದ ಪಂಕ್ತಿಯಲ್ಲಿ ಬಡಿಸುವವನೊಬ್ಬ, "ಲಗೇಜ್ ಅಳಿಯಂದ್ರಿಗೆ ಇನ್ನೊಂದು ಹೋಳಿಗೆ ಹಾಕ್ರಲಾ" ಎಂದು ಕೂಗಿದ. ಆ ಹೋಳಿಗೆ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. (ತಿಂದದ್ದೇನೋ ಹೌದು.)

"ಸಾಕ್ಷಿ ಬೇಕು ಕಣೇ! ನಾನು ತುಳಿದ ದಾರಿ ಗೆರೆ ಎಳೆದ ಹಾಗೆ ಕಾಣಿಸ್ಬೇಕು. ಸೈಕಲ್ಲಿಗೆ ಒಂದು ಜಿ.ಪಿ.ಎಸ್. ತರ್ತೀನಿ" ಎಂದು ಹೆಂಡತಿ ಮಧುಶ್ರೀಯ ಮುಂದೆ ಘರ್ಜಿಸಿದ.

ಮಧುಶ್ರೀ ಹುರುಳಿಕಾಯಿ ಮುರಿಯುತ್ತಿದ್ದಳು. ಗಂಡನ ಪೂರ್ತಿ ಹೆಸರು ಗುರುಪ್ರಸಾದ್ ಎಸ್. ಕೆಲಸ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನು ಸಹಿ ಹಾಕುವುದೇ 'ಜಿ.ಪಿ.ಎಸ್.' ಎಂದು.

"ಮನೇಲಿರೋ ಒಂದು ಜಿ.ಪಿ.ಎಸ್. ಜೊತೆಗೇ ಏಗೋಕಾಗ್ತಿಲ್ಲ, ಇನ್ನೊಂದು ಯಾಕ್ರೀ? ಅದೂ ನಮ್ಮಪ್ಪನ ಮನೆಗೆ ಹೋಗೋಕೆ! ದಿಬ್ಬಣ ಬಂದಾಗ ನಿಮಗೆ ದಾರಿ ತೋರ್ಸಿದ್ದು ಯಾರು?"

"ದಾರಿ ಗೊತ್ತಿಲ್ಲ ಅಂತಲ್ಲ ಕಣೇ! ಗೊತ್ತಿರೋ ದಾರೀಲೇ ಬಂದೆ ಅಂತ ನಿಮ್ಮಪ್ಪನಿಗೆ ತೋರ್ಸೋಕೆ!"

"ಫೋನ್ ಇದ್ಯಲ್ಲಾ?"

"ಅದು ಬಿಸಿಲಿಗೆ ಅರ್ಧ ದಾರೀಲೇ ಪ್ರಾಣ ಬಿಡುತ್ತೆ. ಅರ್ಧ ಗೆರೆ ತೋರಿಸಿದ್ರೆ, ಉಳಿದರ್ಧ ಆಟೋದಲ್ಲಿ ಬಂದೆ ಅಂತಾರೆ ನಿಮ್ಮಪ್ಪ."

ಒಂದು ಬೋಲ್ಟು ಕೊಳ್ಳಬೇಕಾದರೂ ಮೂರು ಕಡೆ ಕೊಟೇಶನ್ ಕೇಳುವ ಆಸಾಮಿ ಅವನು. ಸಂಶೋಧನೆ ಶುರುವಾಯಿತು, ಅದರ ಜೊತೆಗೆ ಮನೆಯಲ್ಲಿ ಜಗಳವೂ. ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಪರದೇಶಿ ಯಂತ್ರ. ಬಣ್ಣದ ನಕ್ಷೆಯಂತೆ, ಎದೆಬಡಿತದ ಎಣಿಕೆಯಂತೆ! ಅದರ ಬೆಲೆಗೆ ಸೈಕಲ್ಲನ್ನೇ ಇನ್ನೊಮ್ಮೆ ಕೊಳ್ಳಬಹುದಿತ್ತು. ಬೆಲೆ ಕೇಳಿಯೇ ಎದೆ ಬಡಿದುಕೊಂಡಿದ್ದರಿಂದ ಎಣಿಸುವ ಯಂತ್ರ ಬೇಕಾಗಲಿಲ್ಲ. ಆಮೇಲೆ ತೀರಾ ಅಗ್ಗದ್ದೊಂದು ಸಿಕ್ಕಿತು. ಚಕ್ರಕ್ಕೊಂದು ಅಯಸ್ಕಾಂತ ಕಟ್ಟಿದರೆ ವೇಗ ಹೇಳುತ್ತದೆ, ಎಲ್ಲಿ ಓಡಿತು ಎಂದು ಮಾತ್ರ ಹೇಳುವುದಿಲ್ಲ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿದರೂ 'ಓಡಿದೆ' ಎನ್ನುವ ಸಾಕ್ಷಿಯನ್ನು ಮಾವ ಒಪ್ಪುತ್ತಾರೆಯೇ? ಕೊನೆಗೆ ನಡುತರದ್ದೊಂದು ಗೆದ್ದಿತು. ಬಣ್ಣದ ನಕ್ಷೆ ಇಲ್ಲ, ಹೋದ ದಾರಿಗೊಂದು ಗೆರೆ ಉಂಟು. ಬಿಸಿಲಲ್ಲೂ ಅಕ್ಷರ ಕಾಣುತ್ತದೆ, ಬೆವರಿದ ಬೆರಳಿಗೂ ಗುಂಡಿ ಒತ್ತಲು ಬರುತ್ತದೆ, ಬ್ಯಾಟರಿ ಬೆಳಗಿನಿಂದ ಸಂಜೆಯವರೆಗೂ ಬಾಳುತ್ತದೆ. ಅದಲ್ಲದೆ ಗಾಳಿಯ ಒತ್ತಡ ನೋಡಿ ಎಷ್ಟು ಏರಿದೆ, ಎಷ್ಟು ಇಳಿದೆ ಎಂದೂ ಹೇಳುತ್ತದೆ.

ಪಾರ್ಸೆಲ್ ಬಂತು. ಚಕ್ರವಿರುವ, ಕರೆಂಟಿರುವ ಯಾವ ವಸ್ತುವನ್ನೂ ವಿಭೂತಿ ಹಚ್ಚದೆ ಬಳಸುವ ಪದ್ಧತಿ ಆ ಮನೆಯಲ್ಲಿಲ್ಲ. ಮಿಕ್ಸಿಗೂ ಹಚ್ಚಿದೆ, ಇಸ್ತ್ರಿಪೆಟ್ಟಿಗೆಗೂ ಹಚ್ಚಿದೆ. ಗುರುಪ್ರಸಾದ್ ಸ್ನಾನ ಮಾಡಿ, ವಿಭೂತಿಗಟ್ಟಿಯನ್ನು ನೀರಲ್ಲಿ ತೇಯ್ದು, ಮುಂದೆ ಹಚ್ಚಿದರೆ ಅಂಕಿ ಮುಚ್ಚೀತೆಂದು ಯಂತ್ರವನ್ನು ಬೋರಲು ಹಾಕಿ ಬೆನ್ನಿಗೆ ಮೂರು ಪಟ್ಟೆ ದಪ್ಪಗೆ ಎಳೆದ.

ಮಧುಶ್ರೀ ಡಬ್ಬಿಯೊಳಗಿನ ಚೀಟಿ ಓದುತ್ತಿದ್ದಳು. "ರೀ, ಹಿಂದುಗಡೆ ಗಾಳಿ ಆಡೋಕೆ ಸಣ್ಣ ತೂತು ಇದ್ಯಂತೆ. ಅದನ್ನ ಮುಚ್ಚಬಾರ್ದಂತೆ."

"ದೇವರ ಕೆಲಸದಲ್ಲಿ ಬಾಯಿ ಹಾಕ್ಬೇಡ!" ಎಂದು ಗದರಿದ. ವಿಭೂತಿ ಒಣಗಿ ಗಾರೆಯಂತೆ ಕೂತಿತು.

ಭಾನುವಾರ ಮಧುಶ್ರೀ ಬಸ್ಸಿನಲ್ಲಿ ಮುಂದೆ ಹೋದಳು. ಗುರುಪ್ರಸಾದ್ ಹಲ್ಲು ಕಚ್ಚಿಕೊಂಡು ತುಳಿದ. ಲಗೇಜ್ ಆಟೋ ಹಿಂದಿಕ್ಕಿ ಹೋದಾಗಲೆಲ್ಲ ಇನ್ನಷ್ಟು ಜೋರಾಗಿ ತುಳಿದ. ಮಾವನ ಜಗಲಿ ಮುಟ್ಟಿದವನು ಚಪ್ಪಲಿಯನ್ನೂ ಬಿಡದೆ ಯಂತ್ರವನ್ನು ಅವರ ಮೂಗಿನಡಿ ಹಿಡಿದ.

"ನೋಡಿ ಮಾವ! ನಮ್ಮ ಬಾಗಿಲಿಂದ ನಿಮ್ಮ ಬಾಗಿಲಿಗೆ ಒಂದೇ ಗೆರೆ! ಇದು ನನ್ನ ವೇಗ. ಇಷ್ಟು ನಿಧಾನಕ್ಕೆ ಹೋಗೋ ಆಟೋ ಲೋಕದಲ್ಲಿದೆಯಾ?"

ಶಿವಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಗೆರೆಯನ್ನು ಬೆರಳಿಂದ ಹಿಂಬಾಲಿಸಿದರು. ಅವರ ಮುಖ ಸಣ್ಣದಾಯಿತು. "ತುಳ್ದವ್ರೆ ಕಣವ್ವಾ, ನಿನ್ ಗಂಡ" ಎಂದು ಮಗಳಿಗೆ ಹೇಳಿದರು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಬರೆಯುವ ಅಗತ್ಯವಿರಲಿಲ್ಲ. ಗೆದ್ದ ಮದದಲ್ಲಿ ಅವನು ಇನ್ನೊಂದು ಗುಂಡಿ ಒತ್ತಿದ. ಏರಿದ್ದು: ಸೊನ್ನೆ. ಇಳಿದದ್ದು: ಚಾಮುಂಡಿಬೆಟ್ಟದ ತುದಿಯಿಂದ ಬುಡಕ್ಕೆ ಇಳಿದರೂ ಮಿಕ್ಕುವಷ್ಟು.

ಮಾವ ಕನ್ನಡಕ ತೆಗೆದರು. "ಕಪಿಲೆ ನಿಮ್ಮೂರಿಂದ ನಮ್ಮೂರ್ಗೆ ತಾನೇ ಅರಿಯೋದು?"

"ಹೌದು."

"ನೀರು ಇಳಿಜಾರ್ಗೆ ತಾನೇ ಅರಿಯೋದು?"

"ಹೌದು, ಆದ್ರೆ..."

"ಅಂಗಾರೆ ನೀವು ತುಳ್ದಿಲ್ಲ. ಜಾರ್ಕಂಡು ಬಂದಿದ್ದೀರಿ. ನಿಮ್ ಮಿಸನ್ನೇ ಏಳ್ತಾ ಅದೆ."

"ಮಿಷಿನ್ ಸುಳ್ಳು ಹೇಳ್ತಿದೆ!" ಗುರುಪ್ರಸಾದ್ ಕಿರುಚಿದ.

"ಅಂಗಾರೆ ಆ ಗೆರೆನೂ ಸುಳ್ಳೇ ಬುಡಿ."

ಗುರುಪ್ರಸಾದ್ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣಲ್ಲೇ 'ತೂತು' ಎಂದಳು. ವಿಷಯ ಅವನಿಗೆ ಆಗ ಹೊಳೆಯಿತು: ವಿಭೂತಿ ಮೆತ್ತಿ ಒಳಗೇ ಸಿಕ್ಕಿಬಿದ್ದ ಗಾಳಿ ಬಿಸಿಲಿಗೆ ಕಾದು ಒತ್ತಿದ್ದನ್ನೇ ಯಂತ್ರ ಇಳಿಜಾರೆಂದು ಎಣಿಸಿತ್ತು. ಬಾಯಿ ತೆರೆದ. ಎದುರಿಗೆ ಮಾವನ ಅಗಲ ಹಣೆ, ಹಣೆಯ ತುಂಬಾ ಮೂರು ಬೆಳ್ಳನೆ ಪಟ್ಟೆ. ವಿಭೂತಿಯಿಂದ ಯಂತ್ರ ಕೆಟ್ಟಿತು ಎಂದು ಈ ಹಣೆಯ ಮುಂದೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ಸಿಟ್ಟು ಕುದಿಯುತ್ತಿದ್ದರೂ ಹೋಗಿ ಯಂತ್ರವನ್ನು ಮತ್ತೆ ಸೈಕಲ್ಲಿಗೆ ಸಿಕ್ಕಿಸಿದ.

ಊಟವಾಯಿತು. ಶಿವಮಲ್ಲಪ್ಪನವರ ಕರುಳು ಚುರುಕ್ಕೆಂದಿತು. "ಬರೋವಾಗ ಜಾರ್ಕಂಡು ಬಂದ್ರಿ ಸರಿ. ಓಗೋವಾಗ ಅಷ್ಟೂ ಏರಲ್ವಾ? ಎದೆ ಒಡ್ಕಂಡ್ರೆ ನನ್ ಮಗ್ಳ ಗತಿ ಏನು?" ಎಂದವರೇ ಮಂಡಿಯ ಕಡೆ ಕೂಗು ಹಾಕಿದರು. ಇವನು ಬೇಡ, ಬೇಡವೆಂದು ಕೂಗಾಡುತ್ತಿರುವಾಗಲೇ ಸೈಕಲ್ಲು ಲಗೇಜ್ ಆಟೋದ ಹಿಂಬದಿಗೆ ಏರಿತು. ಅದರ ಹಿಂದೆ ಎರಡು ಬಾಳೆಗೊನೆ, ಅವುಗಳ ಹಿಂದೆ ಅಳಿಯ.

ಮಧುಶ್ರೀ ಮುಂದೆ, ಡ್ರೈವರ್ ಪಕ್ಕ ಕೂತಳು. ಆಟೋ ಊರು ದಾಟಿ ವೇಗ ಹಿಡಿಯುತ್ತಿದ್ದಂತೆ, ಆಫ್ ಮಾಡಲು ಮರೆತಿದ್ದ ಯಂತ್ರ ಪೀಪೀ ಎಂದು ರಾಗ ಹಾಡಿ, ತೆರೆಯ ಮೇಲೆ ಬಹುಮಾನದ ಕಪ್ಪೊಂದರ ಚಿತ್ರ ಮೂಡಿಸಿತು. ಅವನು ಹುಟ್ಟಿದ ಮೇಲೆ ಇಷ್ಟು ವೇಗವಾಗಿ ಸೈಕಲ್ ತುಳಿದೇ ಇರಲಿಲ್ಲವಂತೆ, ಅಭಿನಂದನೆಗಳು.

ಹಿಂದಿನ ಸಣ್ಣ ಕಿಟಕಿಯಿಂದ ಮಧುಶ್ರೀ ಇಣುಕಿದಳು. "ರೀ, ಇಷ್ಟ ಆಗದಿದ್ರೆ ವಾಪಸ್ ತಗೋತೀವಿ ಅಂತ ಡಬ್ಬಿ ಮೇಲೆ ಬರ್ದಿದೆ."

"ಕಳಿಸು! ನಾಳೇನೇ ಕಳಿಸು! ಆ ದರಿದ್ರದ ಜಿ.ಪಿ.ಎಸ್.ನ ಮುಖ ನೋಡೋಕೂ ಇಷ್ಟವಿಲ್ಲ ನನಗೆ!"

"ಸರಿ" ಎಂದಳು ಮಧುಶ್ರೀ. "ಯಾವ ಜಿ.ಪಿ.ಎಸ್.ನ?"