ಗುಂಪಿಗೆ ಒಗ್ಗುವ ಅರ್ಹತಾ ಪತ್ರ

ಫಿನ್‌ಲೆಂಡಿನ ಹಾಪಲಹ್ತಿ ಪುರಸಭೆಯ ನಿಯಮ ನಾಲ್ಕರ ಪ್ರಕಾರ, ಯಾವುದೇ ಗುಂಪಿಗೆ ಸೇರುವವರು ತಾವು ಗುಂಪಿಗೆ ಒಗ್ಗುತ್ತೇವೆಂದು ಮೊದಲೇ ಸಾಬೀತುಪಡಿಸತಕ್ಕದ್ದು. ಸಾಬೀತುಪಡಿಸಲಾಗದವರು ಮನೆಯಲ್ಲಿ ಒಂಟಿಯಾಗಿ ಕೂತು ಅದನ್ನು ಕಲಿತು ಬರತಕ್ಕದ್ದು.

ಬೇಕರಿಯ ಹಿಲ್ಕಾ ಇದನ್ನು ಎರಡು ಸಲ ಓದಿದಳು. ಹದಿನಾಲ್ಕಕ್ಕೇ ಶಾಲೆ ಬಿಟ್ಟು, ಹಿಟ್ಟು ನಾದುತ್ತಲೇ ಓದು ಮುಂದುವರಿಸಿದವಳು. ಸಣ್ಣ ಅಕ್ಷರ ಕಂಡರೆ ಬಿಡುವವಳಲ್ಲ. ಆಟಿಸಂ ಇರುವ ಅವಳ ಎಂಟು ವರ್ಷದ ಮಗಳು ಸೈಮಿಗೆ ಇನ್ನೂರು ಹಕ್ಕಿಗಳ ಕೂಗು ಗೊತ್ತಿತ್ತು. ಪಕ್ಷಿವೀಕ್ಷಣೆಯ ತರಗತಿಗಾಗಿ ಆಕೆ ಮೂರು ಚಳಿಗಾಲ ಕಾದಿದ್ದಳು. ಇನ್ನೆರಡು ವಾರಕ್ಕೆ ಕ್ರೌಂಚ ಹಕ್ಕಿಗಳು ಸರೋವರಕ್ಕೆ ಇಳಿಯಲಿದ್ದವು.

ಹಿಲ್ಕಾ ಸೈಮಿಯನ್ನು ಕರೆದುಕೊಂಡು ಪುರಸಭೆ ಕಚೇರಿಗೆ ಹೋದಳು. ಪರೀಕ್ಷಾಧಿಕಾರಿ ಪೆಂಟ್ಟಿ ನಮೂನೆಯನ್ನೇ ನೋಡುತ್ತ ಕೇಳಿದ:

"ಮಗು ಗುರುತಿಲ್ಲದವ್ರ ಪಕ್ಕ ಕೂರುತ್ತಾ?"

"ಇಲ್ಲ."

"ಮುಖ ನೋಡಿ ಮಾತಾಡುತ್ತಾ?"

"ಅಪರೂಪ."

"ಸುಮ್‌ಸುಮ್ನೆ ಹರಟುತ್ತಾ?"

"ಹೇಳೋದಿದ್ರೆ ಹೇಳ್ತಾಳೆ."

ಪೆಂಟ್ಟಿ ಮೇಜಿಗೆ ವಿಷಾದ ಸೂಚಿಸಿದ. "ಸೊನ್ನೆ ಅಂಕ. ಕಷ್ಟ ಹಿಲ್ಕಾ ಅವ್ರೆ."

"ಅಲ್ರೀ ಪೆಂಟ್ಟಿ, ಹತ್ತು ವರ್ಷದಿಂದ ನನ್ನ ಅಂಗಡೀಲಿ ಬನ್ನು ತಗೋತೀರಿ. ಒಂದ್ಸಲನಾದ್ರೂ ನನ್ನ ಮುಖ ನೋಡಿದೀರಾ?"

"ಬನ್ನು ನೋಡಿದೀನಿ."

"ಹಂಗಾದ್ರೆ ನಿಯಮ ಒಂಬತ್ತು ಓದಿ. ಪರೀಕ್ಷೆ ಮಾಡೋರೂ ಇದೇ ಪರೀಕ್ಷೆ ಪಾಸಾಗಿರಬೇಕಂತೆ."

ಪೆಂಟ್ಟಿ ಪ್ರಾಮಾಣಿಕ ನೌಕರ. ಕೂಡಲೇ ತನ್ನ ಹೆಸರಲ್ಲೊಂದು ನಮೂನೆ ತುಂಬಿದ. ಬಸ್‌ ನಿಲ್ದಾಣದಲ್ಲಿ ಆತ ಪಕ್ಕದವರಿಂದ ಎರಡು ಮೀಟರ್ ದೂರ ನಿಲ್ಲುತ್ತಿದ್ದ. ನೆರೆಯವರು ಮೆಟ್ಟಿಲಿಳಿದು ಹೋಗುವ ತನಕ ಬಾಗಿಲ ಹಿಂದೆ ಉಸಿರು ಹಿಡಿದಿರುತ್ತಿದ್ದ. ಸೊನ್ನೆ ಅಂಕ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ನಿರ್ದೇಶಕಿ ಕ್ಯುಲ್ಲಿಕ್ಕಿ ಸೇರಿ ಕಚೇರಿಯ ಒಂಬತ್ತೂ ಮಂದಿ ನಮೂನೆ ತುಂಬಿ ನಪಾಸಾಗಿದ್ದರು.

ಇದಕ್ಕೆ ತುರ್ತು ಸಭೆ ಕರೆಯಬೇಕಿತ್ತು. ಆದರೆ ಸಭೆಯೂ ಒಂದು ಗುಂಪಾದ್ದರಿಂದ ನಿಯಮ ನಾಲ್ಕು ಅಡ್ಡಬಂತು. ಒಂಬತ್ತು ಮಂದಿಯೂ ತಂತಮ್ಮ ಕೋಣೆಗಳ ಬಾಗಿಲು ಹಾಕಿಕೊಂಡು, ಚೀಟಿಗಳನ್ನು ಬಾಗಿಲಡಿಯಿಂದ ತೂರಿಸಿ ಚರ್ಚಿಸಿದರು. ಇಷ್ಟು ಫಲಪ್ರದ ಚರ್ಚೆ ಹಿಂದೆಂದೂ ನಡೆದಿರಲಿಲ್ಲವೆಂದು ಎಲ್ಲ ಚೀಟಿಗಳೂ ಒಪ್ಪಿದವು.

ಚೀಟಿ ಹೆಕ್ಕಲು ಕ್ಯುಲ್ಲಿಕ್ಕಿ ಹೊರಬಂದಾಗ, ಸೈಮಿ ನೆಟ್ಟಗೆ ಎದುರು ಹೋಗಿ ನಿಂತಳು.

"ನಿಮ್ಮ ಕೋಟಿನ ಗುಂಡಿ ತಪ್ಪಾಗಿ ಹಾಕ್ಕೊಂಡಿದೀರಿ."

ಕ್ಯುಲ್ಲಿಕ್ಕಿ ಗುಂಡಿ ಮುಟ್ಟಿಕೊಂಡಳು. ಬೆಳಗ್ಗೆಯಿಂದ ಎಂಟು ಮಂದಿ ಅದನ್ನು ಕಂಡಿದ್ದರು, ಒಬ್ಬರೂ ಹೇಳಿರಲಿಲ್ಲ.

"ಅಪರಿಚಿತರ ಹತ್ತಿರ ಹೋಗಿದ್ದಕ್ಕೆ ಒಂದು, ಕೇಳದೆ ಮಾತಾಡಿದ್ದಕ್ಕೆ ಒಂದು," ಎಂದು ಪೆಂಟ್ಟಿ ಬಾಗಿಲ ಸಂದಿಯಿಂದ ಘೋಷಿಸಿದ. ಎರಡು ಅಂಕ! ಕಚೇರಿಯ ಇತಿಹಾಸದಲ್ಲೇ ಅತಿ ಹೆಚ್ಚು. ಪಾಸಾದವಳು ಅವಳೊಬ್ಬಳೇ ಆದ್ದರಿಂದ, ನಿಯಮ ಒಂಬತ್ತರಂತೆ ಸೈಮಿಯೇ ಪರೀಕ್ಷಾಧಿಕಾರಿಯಾದಳು. ಪೆಂಟ್ಟಿ ಮೊಹರನ್ನು ಅವಳ ಕೈಗಿತ್ತ.

ಅವಳು ಮೊದಲು ತನ್ನ ಅರ್ಜಿಗೆ ಮೊಹರು ಒತ್ತಿದಳು. ಆಮೇಲೆ ಉಳಿದ ಒಂಬತ್ತು ನಮೂನೆಗಳನ್ನು ನೋಡಿ, "ಇವ್ರಿಗೂ ಕ್ಲಾಸ್ ಬೇಕು," ಎಂದಳು.

"ನನಗೆ?" ಎಂದು ಹಿಲ್ಕಾ ತಾನೂ ಒಂದು ಅರ್ಜಿ ತುಂಬಿ ಚಾಚಿದಳು.

"ಅಮ್ಮಾ, ನೀನು ಜಾಸ್ತಿ ಮಾತಾಡ್ತೀಯ. ಹಕ್ಕಿ ಹಾರಿಹೋಗ್ತವೆ."

ಹಿಲ್ಕಾಳ ಜನ್ಮದಲ್ಲೇ ಅವಳ ಅರ್ಜಿಯೊಂದು ತಿರಸ್ಕೃತವಾದದ್ದು ಅದೇ ಮೊದಲು. ಅವಳು ಅದಕ್ಕೆ ಚೌಕಟ್ಟು ಹಾಕಿಸಿದಳು.

ಕ್ರೌಂಚಗಳು ಇಳಿದ ದಿನ ಸರೋವರದ ದಡದಲ್ಲಿ ಹತ್ತು ಮಂದಿ ಎರಡೆರಡು ಮೀಟರ್ ಅಂತರದಲ್ಲಿ ನಿಂತಿದ್ದರು. ಸೈಮಿ ಒಮ್ಮೆ ಕ್ರೌಂಚದ ಹಾಗೆ ಕೂಗಿದಳು. ನೀರಿನಾಚೆಯಿಂದ ಉತ್ತರ ಬಂತು.

ಪೆಂಟ್ಟಿಯ ವರದಿ ಕಡತದಲ್ಲಿದೆ: "ಗುಂಪು ಚಟುವಟಿಕೆ ಸಂಪೂರ್ಣ ಯಶಸ್ವಿ. ಯಾರೂ ಯಾರೊಂದಿಗೂ ಮಾತಾಡಲಿಲ್ಲ."