ತವರಿನವರೆಲ್ಲ ಆರ್ಕೈವ್‌ನಲ್ಲಿ

ತಾಜಮಹಲಿನ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಕಟ್ಟಿಸಿದವನ ಮೇಲೂ ಇಲ್ಲ. ಪಾಪ, ಹೆಂಡತಿಗಾಗಿ ಏನೋ ಮಾಡಿದ. ನಾನೂ ನನ್ನ ಹೆಂಡತಿಗಾಗಿ ಏನೇನೋ ಮಾಡಿದ್ದೇನೆ, ಯಾರೂ ಟಿಕೆಟ್ ತೆಗೆದುಕೊಂಡು ನೋಡಲು ಬರುವುದಿಲ್ಲ. ನನ್ನ ತಕರಾರು ಇಷ್ಟೇ: ಅದನ್ನು ನೋಯ್ಡಾದಿಂದ ಒಂದು ಹಗಲಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಕಟ್ಟಿಸಬಾರದಿತ್ತು.

ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರ ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇದೆಯೆಂದು ಊರಿಗೆ ಗೊತ್ತಾದರೆ ಮುಗಿಯಿತು. ಮನೆ ಛತ್ರವಾಗುತ್ತದೆ, ಯಜಮಾನ ಗೈಡ್ ಆಗುತ್ತಾನೆ. ಬಂದವರಿಗೆಲ್ಲ ಒಂದೇ ಕಾರ್ಯಕ್ರಮ. ಮೊದಲ ದಿನ ಕುತುಬ್ ಮಿನಾರ್, ಮರುದಿನ ಕೆಂಪುಕೋಟೆ ಮತ್ತು ಚಾಂದನಿ ಚೌಕದ ಜಿಲೇಬಿ, ಅದರ ಮರುದಿನ ಆಗ್ರಾ, ಆಮೇಲೆ ಹೊಟ್ಟೆ ಕೆಟ್ಟು ವಿಶ್ರಾಂತಿ. ಆಗ್ರಾದಲ್ಲಿ ನನ್ನ ಹುದ್ದೆ ಎಲ್ಲರ ಚೀಲ ಕಾಯುವುದು. ಅದನ್ನು ಎಷ್ಟು ಸಲ ನಿರ್ವಹಿಸಿದ್ದೇನೆಂಬ ಲೆಕ್ಕವನ್ನು ನಾನು ಇಡುವುದಿಲ್ಲ, ಇಟ್ಟರೆ ಅಳು ಬರುತ್ತದೆ.

ಹಾಗಾಗಿ ಈ ಸಲದ ಡಿಸೆಂಬರಿಗೆ ನಾನು ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ನನ್ನ ಕೆಲಸ ದಿಲ್ಲಿಯ ಓಖ್ಲಾದಲ್ಲಿ, ಅಂಗಿಗಳ ಕುತ್ತಿಗೆಗೆ ಹೊಲಿಯುವ ಲೇಬಲ್ ಮುದ್ರಿಸುವ ಕಾರ್ಖಾನೆಯಲ್ಲಿ. ‘ತಣ್ಣೀರಿನಲ್ಲಿ ಒಗೆಯಿರಿ’, ‘ಹಿಂಡಬೇಡಿ’, ‘ನೆರಳಿನಲ್ಲಿ ಒಣಗಿಸಿ’ ಮುಂತಾದ ಲೋಕಹಿತದ ಸಂದೇಶಗಳನ್ನು ದೇಶದೇಶಗಳ ಕುತ್ತಿಗೆಗೆ ತಲುಪಿಸುವವರು ನಾವೇ. (ಚುಚ್ಚುತ್ತದೆಂದು ನೀವು ಅದನ್ನು ಕತ್ತರಿಸಿ ಎಸೆಯುತ್ತೀರಿ, ಗೊತ್ತು. ನಾನೂ ಹಾಗೇ ಮಾಡುತ್ತೇನೆ.) ಕ್ರಿಸ್‌ಮಸ್ಸಿಗೆ ಪರದೇಶದ ಗಿರಾಕಿಗಳು ಬಾಗಿಲು ಹಾಕುವುದರಿಂದ ನಮಗೂ ಒಂದು ವಾರ ರಜೆ. ಆ ವಾರ ಪೂರ್ತಿ ನಮ್ಮ ಬಾಲ್ಕನಿಯಲ್ಲಿ ಚಳಿಗಾಲದ ಎಳೆಬಿಸಿಲಿಗೆ ಬೆನ್ನು ಕೊಟ್ಟು, ನೆಲಗಡಲೆ ಸುಲಿಯುತ್ತ, ಕಿತ್ತಳೆ ತಿನ್ನುತ್ತ, ಯಾರಿಗೂ ಏನನ್ನೂ ತೋರಿಸದೆ ಕೂರಬೇಕು. ಇಷ್ಟೇ ನನ್ನ ಬಯಕೆ. ಇದಕ್ಕಿಂತ ದೊಡ್ಡದನ್ನು ಬಯಸಿದವರೂ ಪಡೆದಿದ್ದಾರೆಂದು ಕೇಳಿದ್ದೇನೆ.

ಇನ್ನು ನೀಲಾವತಿಯ ವಿಷಯ. ನೀಲಾವತಿ ನನ್ನ ಹೆಂಡತಿ, ಕಾರ್ಕಳದವಳು, ನಮ್ಮ ಮನೆಯ ಪ್ರಧಾನಮಂತ್ರಿ ಮತ್ತು ವಿರೋಧ ಪಕ್ಷ. ಬಂದುಹೋಗುವ ನೆಂಟರ ವಿವರಗಳನ್ನೆಲ್ಲ ಅವಳು ಫೋನಿನ ಟಿಪ್ಪಣಿ ಆ್ಯಪಿನಲ್ಲಿ ಬರೆದಿಡುತ್ತಾಳೆ. ತಲೆಗೊಂದು ಟಿಪ್ಪಣಿ. ಯಾರಿಗೆ ಬದನೆಕಾಯಿ ತಿಂದರೆ ತುರಿಕೆ, ಯಾರಿಗೆ ಎರಡು ದಿಂಬು ಬೇಕು, ಯಾರು ಚಪಾತಿಯನ್ನು ಊಟವೆಂದೇ ಒಪ್ಪುವುದಿಲ್ಲ, ಎಲ್ಲವೂ ಅದರಲ್ಲಿದೆ. ಅಂಗಡಿಗೆ ಹೋದಾಗ ನೋಡಿಕೊಳ್ಳಲೆಂದು ಅದೇ ಖಾತೆಯನ್ನು ನನ್ನ ಫೋನಿಗೂ ಹಾಕಿಕೊಟ್ಟಿದ್ದಾಳೆ. ಆದರೆ ಅದು ಆ್ಯಪ್ ಅಲ್ಲ, ಸಂತೆ. ದೊಡ್ಡಮ್ಮನ ಮಂಡಿಯ ತೈಲದ ಕೆಳಗೆ ಗ್ಯಾಸಿನವನ ನಂಬರು, ಅದರ ಕೆಳಗೆ ‘ಪ್ರಣೀತಾಳ ನೀಲಿ ಸ್ವೆಟರ್ ಎಲ್ಲಿ?’ ಎಂಬ ಉತ್ತರವಿಲ್ಲದ ಪ್ರಶ್ನೆ. ಹಗಲೆಲ್ಲ ಲೇಬಲ್ಲುಗಳ ನಡುವೆ ಬದುಕುವ ನನಗೆ ಇದನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ದಾರಿ ತೋರಿಸಿದವಳು ಮಗಳು ಪ್ರಣೀತಾ. ಅವಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಒಂದು ವಾಕ್ಯವನ್ನು ಮೂರು ಭಾಷೆಗಳಿಗೆ ಹಂಚಿ ಮಾತಾಡುತ್ತಾಳೆ.

“ಪಪ್ಪಾ, ಸಿಂಪಲ್ ಹೈ. ಎಲ್ಲದಕ್ಕೂ ಲೇಬಲ್ ಹಾಕಿ. ಕೆಲ್ಸ ಮುಗಿದಿರೋದನ್ನ ಆರ್ಕೈವ್ ಮಾಡಿ.”

“ಅಳಿಸಿ ಹೋದರೆ ನಿನ್ನ ಅಮ್ಮ ನನ್ನನ್ನ ಅಳಿಸಿಬಿಡ್ತಾಳೆ.”

“ಅರೇ, ಅಳಿಸಿ ಹೋಗಲ್ಲ. ಇರುತ್ತೆ. ಬಸ್, ಕಣ್ಣೆದುರು ಇರಲ್ಲ.”

ಇರುತ್ತದೆ, ಆದರೆ ಕಣ್ಣೆದುರು ಇರುವುದಿಲ್ಲ. ನೆಂಟರ ವಿಷಯದಲ್ಲಿ ಇಷ್ಟು ಉದಾತ್ತವಾದ ಕಲ್ಪನೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮುಂದಿನ ಶನಿವಾರ ನೀಲಾವತಿ ಕನ್ನಡ ಸಂಘದ ಭಜನೆಗೆ ಹೋಗಿದ್ದಾಗ ನಾನು ಕಾರ್ಯಾರಂಭ ಮಾಡಿದೆ. ಪ್ರತಿ ನೆಂಟರಿಗೂ ಅವರವರ ಗುಣಸ್ವಭಾವ ನೋಡಿ ಲೇಬಲ್ ಹಾಕಿದೆ. ಕೆಲಸದ ಅಭ್ಯಾಸ ಕೈಯಲ್ಲಿದೆಯಲ್ಲ, ಪದಗಳಿಗೆ ಹುಡುಕಾಡಬೇಕಾಗಲಿಲ್ಲ. ‘ಬಿಸಿನೀರು ಮಾತ್ರ’, ‘ಬೇರೆಯವರೊಂದಿಗೆ ಸೇರಿಸಬೇಡಿ, ಬಣ್ಣ ಬಿಡುತ್ತದೆ’, ‘ಮೃದುವಾಗಿ ನಿರ್ವಹಿಸಿ’. ಎಲ್ಲಕ್ಕಿಂತ ಮುಖ್ಯವಾದ ಲೇಬಲ್ಲುಗಳು ಎರಡು: ‘ಆಗ್ರಾ ಆಯಿತು’ ಮತ್ತು ‘ಆಗ್ರಾ ಬಾಕಿ’. ಆಗ್ರಾ ಆದವರನ್ನೆಲ್ಲ ಆರ್ಕೈವಿಗೆ ಕಳಿಸಿದೆ. ಬಾಕಿ ಇರುವವರನ್ನು ಮುಂದೆಯೇ ಬಿಟ್ಟೆ, ಯಾರಿಗೆ ಹೆದರಬೇಕೆಂದು ಗೊತ್ತಿರಲಿ ಎಂದು. ಕೊನೆಗೆ ಪರದೆ ಗುಡಿಸಿ ಸಾರಿಸಿದ ಅಂಗಳದಂತಾಯಿತು. ಸ್ವಂತಕ್ಕೆ ಒಂದು ಕಪ್ ಚಹಾ ಮಾಡಿಕೊಂಡು ಕುಡಿದೆ.

ಮರುದಿನ ಬೆಳಿಗ್ಗೆ ನೀಲಾವತಿ ಅವಳ ದೊಡ್ಡಮ್ಮ ಸುಶೀಲಮ್ಮನವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಸ್ಪೀಕರ್ ಹಾಕಿ ಮಾತಾಡುವುದು ಅವಳ ಕ್ರಮ. ಹಾಗಾಗಿ ಕಾರ್ಕಳದ ಸಮಾಚಾರ ನನಗೂ, ಎದುರು ಫ್ಲ್ಯಾಟಿನ ಪಂಜಾಬಿಗಳಿಗೂ ಏಕಕಾಲಕ್ಕೆ ತಲುಪುತ್ತದೆ.

“ಆ ತೈಲದ ಹೆಸರು ಎಂತದ್ದು ಮಾರಾಯ್ತಿ? ನೀನು ಬರ್ಕೊಂಡಿದ್ದಿ ಅಲ್ವಾ?”

“ಒಂದು ನಿಮಿಷ ದೊಡ್ಡಮ್ಮ, ನಿಮ್ಮ ಹೆಸರಲ್ಲೇ ಉಂಟು.”

ಒಂದು ನಿಮಿಷ ಕಳೆಯಿತು, ಇನ್ನೊಂದೂ ಕಳೆಯಿತು. ಆಮೇಲೆ ನೀಲಾವತಿ ಬಹಳ ಶಾಂತವಾಗಿ, “ನಾನು ಮತ್ತೆ ಮಾಡ್ತೇನೆ ದೊಡ್ಡಮ್ಮ,” ಎಂದು ಫೋನ್ ಇಟ್ಟಳು. ಅವಳ ಶಾಂತ ಸ್ವರ ಕೇಳಿದರೆ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತವೆ.

“ನಮ್ಮವರೆಲ್ಲ ಎಲ್ಲಿ?”

“ಯಾವ ನಮ್ಮವರು?”

“ದೊಡ್ಡಮ್ಮ ಇಲ್ಲ. ಚಿಕ್ಕಮ್ಮಂದಿರಿಬ್ಬರೂ ಇಲ್ಲ. ಬೆಳ್ಮಣ್ಣಿನ ಮಾವ ಇಲ್ಲ. ನಿಮ್ಮ ಕಡೆಯವರು ಮಾತ್ರ ಮೊದಲ ಪಂಕ್ತಿಗೆ ಕೂತವರ ಹಾಗೆ ಸಾಲಾಗಿ ಕೂತಿದ್ದಾರೆ.”

ಆಗಷ್ಟೇ ನನ್ನ ಪದ್ಧತಿಯ ಒಂದು ಸಣ್ಣ ಲೋಪ ನನಗೆ ಹೊಳೆಯಿತು. ನೀಲಾವತಿಯ ತವರಿನವರು ಕಾರ್ಯಶೂರರು. ‘ಒಮ್ಮೆ ಬನ್ನಿ’ ಎಂದು ಬಾಯಿಮಾತಿಗೆ ಅಂದರೂ ಸಾಕು, ಮುಂದಿನ ತಿಂಗಳು ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದು, ನಾವು ಯಾಕೆ ಇನ್ನೂ ಬಂದಿಲ್ಲವೆಂದು ಫೋನ್ ಮಾಡುತ್ತಾರೆ. ಅವರೆಲ್ಲರ ಆಗ್ರಾ ಯಾವತ್ತೋ ಆಗಿದೆ. ನನ್ನ ಕಡೆಯವರು ಸೋಮಾರಿಗಳು. ಬರುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಬಾರದವರೆಲ್ಲ ಮುಂದೆ, ಬಂದವರೆಲ್ಲ ಹಿಂದೆ.

“ಡಿಲೀಟ್ ಮಾಡಿಲ್ಲ ನೀಲಾ. ಆರ್ಕೈವ್ ಮಾಡಿದ್ದೇನೆ.”

“ಅಂದರೆ?”

“ಇದ್ದಾರೆ. ಕಣ್ಣೆದುರು ಇಲ್ಲ, ಅಷ್ಟೇ.”

ಕೆಲವು ವಾಕ್ಯಗಳು ಮನಸ್ಸಿನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿರುತ್ತವೆ. ಬಾಯಿಂದ ಹೊರಗೆ ಬಂದದ್ದೇ ಅವುಗಳ ಮುಖ ಬದಲಾಗುತ್ತದೆ.

“ಅಚ್ಛಾ. ನನ್ನ ತವರಿನವರು ಅಟ್ಟಕ್ಕೆ, ನಿಮ್ಮವರು ಚಾವಡಿಗೆ.”

“ಇದು ಪಕ್ಷಪಾತ ಅಲ್ಲ, ಪದ್ಧತಿ. ಬಂದು ಆಗ್ರಾ ನೋಡಿ ಹೋದವರು ಆರ್ಕೈವ್. ಮುಂದೆ ಇರುವವರು ಇನ್ನು ಬರಬೇಕಾದವರು.”

“ನಿಮ್ಮ ತಮ್ಮ ಲತೇಶ ನಮ್ಮ ಮದುವೆ ಆದಾಗಿನಿಂದ ಬರಬೇಕಾದವನೇ. ಪ್ರತಿ ವರ್ಷ ‘ಈ ಸಲ ಖಂಡಿತ ಅತ್ತಿಗೆ’ ಅಂತಾನೆ. ಒಂದು ದಿನಕ್ಕೂ ಬಾರದವನಿಗೆ ಮೊದಲ ಸ್ಥಾನ. ಪ್ರಣೀತಾ ಹುಟ್ಟಿದಾಗ ತಿಂಗಳುಗಟ್ಟಲೆ ಇಲ್ಲಿದ್ದು ಬಾಣಂತನ ಮಾಡಿದ ನನ್ನ ದೊಡ್ಡಮ್ಮ ಕಣ್ಣೆದುರು ಇರಬಾರದು.”

ಅಷ್ಟರಲ್ಲಿ ಅವಳು ಆರ್ಕೈವನ್ನು ಪತ್ತೆಹಚ್ಚಿ ದೊಡ್ಡಮ್ಮನ ಟಿಪ್ಪಣಿ ತೆರೆದಿದ್ದಳು.

“‘ಬಿಸಿನೀರು ಮಾತ್ರ. ಹಿಂಡಬಾರದು.’ ಏನಿದು?”

“ಹೆಚ್ಚು ಪ್ರಶ್ನೆ ಕೇಳಿದರೆ ಅವರಿಗೆ ಕಣ್ಣಲ್ಲಿ ನೀರು ಬರ್ತದಲ್ಲ, ಅದಕ್ಕೆ.”

“ದೊಡ್ಡಮ್ಮ ಏನು ಬನಿಯನ್ನಾ?”

ಟೋಸ್ಟ್ ತಿನ್ನುತ್ತ ಬಂದ ಪ್ರಣೀತಾ ಒಂದು ಕ್ಷಣ ನಿಂತು ಇಬ್ಬರ ಮುಖವನ್ನೂ ನೋಡಿದಳು. “ಪಪ್ಪಾ, ಆಪ್ ತೋ ಗಯೇ, ನಿಮ್ಮ ಕಥೆ ಮುಗೀತು,” ಎಂದು ಹೇಳಿ ಟೋಸ್ಟ್ ಸಮೇತ ಕೋಣೆಗೆ ವಾಪಸಾದಳು.

ಮನೆಯ ಶಾಂತಿಗಾಗಿ ನಾನು ಅಲ್ಲೇ ಕುಳಿತು ಒಬ್ಬೊಬ್ಬರನ್ನೇ ಆರ್ಕೈವಿನಿಂದ ಹೊರಗೆ ಕರೆತಂದೆ. ನೀಲಾವತಿ ಹಿಂದೆ ನಿಂತು ಹಾಜರಿ ತೆಗೆದುಕೊಂಡಳು. ಲೇಬಲ್ಲುಗಳನ್ನೂ ಕಿತ್ತುಹಾಕಿದೆ. ಬೆಳ್ಮಣ್ಣಿನ ಮಾವನ ‘ಬಣ್ಣ ಬಿಡುತ್ತದೆ’ ಒಂದನ್ನು ಮಾತ್ರ ಅವಳೇ ಇರಲಿ ಎಂದಳು.

“ನೋಡು, ಎಲ್ಲರೂ ಮುಂದೆ ಬಂದರು. ಈಗ ಸಮಾಧಾನವಾ?”

“ಮುಂದೆ ಇರುವವರು ಯಾರು ಅಂದ್ರಿ?”

“ಇನ್ನು ಬರಬೇಕಾದ...”

ವಾಕ್ಯ ಮುಗಿಸಲು ನನಗೆ ಅವಕಾಶ ಸಿಗಲಿಲ್ಲ. ಅವಳು ಆಗಲೇ ಫೋನ್ ಹಚ್ಚಿದ್ದಳು.

“ದೊಡ್ಡಮ್ಮ, ಇವರು ಹೇಳ್ತಿದ್ದಾರೆ, ನೀವು ಬರಲೇಬೇಕಂತೆ. ಚಿಕ್ಕಮ್ಮಂದಿರನ್ನೂ ಕರ್ಕೊಂಡು. ಹೌದು, ಇವರೇ. ಡಿಸೆಂಬರಲ್ಲಿ ಇವರಿಗೆ ರಜೆ ಉಂಟು, ಅನುಕೂಲ ಆಗ್ತದೆ.”

“ರಮಾನಾಥ ಅಷ್ಟು ಬಾಯಿಬಿಟ್ಟು ಕರೆದ ಮೇಲೆ ಬಾರದೆ ಇರ್ಲಿಕ್ಕೆ ಆಗ್ತದಾ?” ಎಂದರು ಸುಶೀಲಮ್ಮ. ಎದುರು ಫ್ಲ್ಯಾಟಿನವರಿಗೂ ವಿಷಯ ತಿಳಿಯಿತು.

ಡಿಸೆಂಬರಿನಲ್ಲಿ ರೈಲಿನ ಟಿಕೆಟ್ ಸಿಗುವುದಿಲ್ಲ ಎಂಬುದೊಂದೇ ನನಗೆ ಉಳಿದ ಭರವಸೆಯಾಗಿತ್ತು. ಅವರಿಗೆ ಸಿಕ್ಕಿತು. ಕೆಳಗಿನ ಬರ್ತುಗಳೇ ಸಿಕ್ಕವು.

ರಜೆಯ ಮೊದಲ ದಿನವೇ ಅಕ್ಕತಂಗಿಯರು ಮೂವರೂ ಬಂದಿಳಿದರು, ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಸಮೇತ. ಸತ್ಯ ಹೇಳುತ್ತೇನೆ, ಅವರನ್ನು ಕಂಡು ನನಗೂ ಸಂತೋಷವೇ ಆಯಿತು. ಆ ಹಪ್ಪಳದ ಮುಂದೆ ಮನುಷ್ಯ ಬಹಳ ಹೊತ್ತು ಮುನಿಸಿಕೊಂಡಿರಲಾರ. ಆದರೆ ಬಿಸಿಲಿನ ವಾರ ಹೋಯಿತಲ್ಲ ಎಂಬ ಸಂಕಟ ಒಳಗೆ ಇದ್ದೇ ಇತ್ತು. ಹೇಗೂ ತಪ್ಪಿದ್ದಲ್ಲವೆಂದು ನಾನೇ ಮುಂದಾಗಿ ಕಾರು ಬುಕ್ ಮಾಡಿ, ರಾತ್ರಿಯ ಊಟದ ಹೊತ್ತಿಗೆ ಘೋಷಿಸಿದೆ.

“ನಾಳೆ ಬೆಳಿಗ್ಗೆ ಆಗ್ರಾ. ದೊಡ್ಡ ಕಾರೇ ಹೇಳಿದ್ದೇನೆ.”

ಸುಶೀಲಮ್ಮ ಸಾರು ಸುರಿಯುವುದನ್ನು ನಿಲ್ಲಿಸಿ ಕನಿಕರದಿಂದ ನನ್ನನ್ನು ನೋಡಿದರು.

“ಎಂತಕ್ಕೆ ಮಾರಾಯ? ಹೋದ ಸಲ ನೋಡಿ ಆಯ್ತಲ್ಲ. ಅದೇನು ವರ್ಷ ವರ್ಷ ಬೆಳೀತದಾ? ನಮಗೆ ಎಲ್ಲಿಗೂ ಬೇಡ. ನಿಮ್ಮ ಬಾಲ್ಕನಿಯಲ್ಲಿ ಒಳ್ಳೆ ಬಿಸಿಲು ಬೀಳ್ತದೆ ಅಂತ ನೀಲ ಹೇಳಿದ್ದಾಳೆ. ಅಲ್ಲಿ ಕೂತು ನಾಲ್ಕು ಮಾತಾಡಿದರೆ ಸಾಕು.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಎದ್ದು ಅವರ ಕಾಲಿಗೆ ಬೀಳಬೇಕೆನಿಸಿತು. ಆಗ್ರಾ ಇಲ್ಲ. ಚೀಲ ಕಾಯುವುದಿಲ್ಲ. ಈ ಆನಂದ ಸುಮಾರು ಒಂದು ತುತ್ತು ನುಂಗುವಷ್ಟು ಹೊತ್ತು ಇತ್ತು. ಆಮೇಲೆ ನಮ್ಮ ಬಾಲ್ಕನಿ ಕಣ್ಣ ಮುಂದೆ ಬಂತು. ಅದರಲ್ಲಿ ಹಿಡಿಸುವುದು ಮೂರು ಕುರ್ಚಿ ಮತ್ತು ಒಂದು ತುಳಸಿ ಕುಂಡ. ನೀಲಾವತಿ ಹೊಸ್ತಿಲ ಮೇಲೆ ಕೂರುತ್ತಾಳೆ. ನನ್ನ ಜಾಗ ಎಲ್ಲಿ ಎಂದು ಲೆಕ್ಕ ಹಾಕಿದೆ. ತುಳಸಿಯನ್ನು ಎತ್ತಿಡಿ ಎಂದು ಹೇಳುವ ಧೈರ್ಯ ನನಗಿಲ್ಲ.

“ಹಾಗಾದರೆ ಕಾರು ಕ್ಯಾನ್ಸಲ್ ಮಾಡ್ತೇನೆ,” ಎಂದೆ.

ಪ್ರಣೀತಾ ನನ್ನ ಫೋನ್ ನೋಡಿದಳು. “ಪಪ್ಪಾ, ಈಗ ಕ್ಯಾನ್ಸಲ್ ಆಗಲ್ಲ. ಫುಲ್ ಪೇಮೆಂಟ್ ಕಟ್ ಆಗತ್ತೆ.”

“ದಂಡ ಯಾಕೆ ಮಾಡೋದು? ನೀವೇ ಹೋಗಿ ಬನ್ನಿ,” ಎಂದಳು ನೀಲಾವತಿ, ಪಲ್ಯ ಬಡಿಸುತ್ತ.

“ಒಬ್ಬನೇ? ಆಗ್ರಾಕ್ಕೆ?”

“ಮನೇಲಿದ್ದು ಏನು ಮಾಡ್ತೀರಿ? ಗಂಡಸರು ನಡುವೆ ಕೂತರೆ ದೊಡ್ಡಮ್ಮನಿಗೆ ಮಾತು ಸರಿಯಾಗಿ ಹೊರಡೋದಿಲ್ಲ.”

ನಾನು ಆಸೆಯಿಂದ ಮಗಳ ಕಡೆ ನೋಡಿದೆ. “ಸಾರಿ ಪಪ್ಪಾ. ಅಜ್ಜಿಯರ ಗಾಸಿಪ್ ನಾನು ಮಿಸ್ ಮಾಡಲ್ಲ,” ಎಂದಳು.

ಹೀಗೆ ಮರುದಿನ ಬೆಳಿಗ್ಗೆ ಏಳು ಜನ ಕೂರುವ ಕಾರಿನಲ್ಲಿ ನಾನೊಬ್ಬನೇ ಕುಳಿತು ಆಗ್ರಾಕ್ಕೆ ಹೊರಟೆ. ದಾರಿಯುದ್ದಕ್ಕೂ ದಟ್ಟ ಮಂಜು. ಡ್ರೈವರ್ ಭಯ್ಯಾ ಕನ್ನಡಿಯಲ್ಲಿ ನನ್ನನ್ನು ಮತ್ತೆ ಮತ್ತೆ ನೋಡಿ, ಕೊನೆಗೆ ತಡೆಯಲಾರದೆ, “ಸರ್, ಘರ್ ಮೇ ಸಬ್ ಠೀಕ್ ಹೈ ನಾ?” ಎಂದು ಕೇಳಿದ. ಎಲ್ಲ ಸರಿಯಿದೆ, ಅದಕ್ಕೇ ಬಂದೆ ಎಂದೆ.

ಸಾಲಿನಲ್ಲಿ ನಿಂತು, ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಅಲ್ಲಿ ತಾಜಮಹಲ್ ಕಾಣಿಸಲಿಲ್ಲ. ಅದು ಇರಬೇಕಾದ ಕಡೆ ಬೆಳ್ಳಗೆ ಮಂಜು, ಅಷ್ಟೇ. ಕಲ್ಲಿನ ಬೆಂಚು ಖಾಲಿ ಇತ್ತು, ಕುಳಿತೆ. ಕೈಯಲ್ಲಿ ಯಾರ ಚೀಲವೂ ಇರಲಿಲ್ಲ. ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ತುಂಬಾ ಹಾಯೆನಿಸಿತು. ಒಬ್ಬ ಫೋಟೋಗ್ರಾಫರ್ ಬಂದು, ಕೈ ಎತ್ತಿ ಗುಮ್ಮಟದ ತುದಿ ಹಿಡಿದ ಹಾಗೆ ಮಾಡಿ ಎಂದ. ಗುಮ್ಮಟ ಎಲ್ಲಿದೆ ಎಂದು ಕೇಳಿದೆ. ಅಂದಾಜಿನಲ್ಲಿ ಹಿಡಿಯಿರಿ ಎಂದ. ಹಿಡಿದೆ. ಆ ಫೋಟೋವನ್ನು ಮನೆಗೆ ಕಳಿಸಿ ನೀಲಾವತಿಗೆ ಫೋನ್ ಮಾಡಿದೆ.

“ಇಲ್ಲಿ ಏನೂ ಕಾಣೋದಿಲ್ಲ ನೀಲಾ, ಬರೀ ಮಂಜು.”

“ಹೌದಾ? ಇಲ್ಲಿ ಒಳ್ಳೆ ಬಿಸಿಲು,” ಎಂದಳು. ನೆಲಗಡಲೆ ಸುಲಿಯುವ ಸದ್ದು ಕೇಳಿಸುತ್ತಿತ್ತು. ಎಲ್ಲರೂ ನನ್ನ ಫೋಟೋ ನೋಡಿ ನಗುತ್ತಿದ್ದರು. ಸುಶೀಲಮ್ಮ ಮಾತ್ರ ನಗಲಿಲ್ಲ. ಸ್ಪೀಕರಿನಲ್ಲಿ ಅವರ ಧ್ವನಿ ಸ್ಪಷ್ಟವಾಗಿ ಬಂತು.

“ನೋಡು ನೀಲ, ಯಾರೂ ಜೊತೆಗಿಲ್ಲದಿದ್ದರೂ ಆ ಚಳಿಯಲ್ಲಿ ಹೋಗಿ ಹೇಗೆ ಕೂತಿದ್ದಾನೆ. ಅವನಿಗೆ ತಾಜಮಹಲ್ ಅಂದ್ರೆ ಅಷ್ಟು ಪ್ರೀತಿ. ನಮಗೆ ಗೊತ್ತೇ ಇರ್ಲಿಲ್ಲ. ಇನ್ನು ನಾವು ಪ್ರತಿ ವರ್ಷ ಅವನ ರಜೆಗೆ ಸರಿಯಾಗಿ ಬರುವ. ಮನೆ ನಾವು ನೋಡಿಕೊಳ್ತೇವೆ, ಅವನು ನಿಶ್ಚಿಂತೆಯಲ್ಲಿ ಆಗ್ರಾಕ್ಕೆ ಹೋಗಿ ಬರಲಿ.”

ನಾನು ಏನಾದರೂ ಹೇಳುವ ಮೊದಲೇ ಫೋನ್ ಕಡಿತವಾಯಿತು. ಸಂಜೆ ಮನೆಗೆ ಬಂದು ಆ್ಯಪ್ ತೆರೆದೆ. ದೊಡ್ಡಮ್ಮನ ಆ ಮಾತನ್ನೇ ನೀಲಾವತಿ ನನ್ನ ಹೆಸರಿನಲ್ಲಿ ಬರೆದು, ಎಲ್ಲಕ್ಕಿಂತ ಮೇಲೆ ಪಿನ್ ಮಾಡಿ, ಪ್ರತಿ ಡಿಸೆಂಬರಿಗೂ ನೆನಪಿಸುವಂತೆ ಇಟ್ಟಿದ್ದಳು.