ಅಕ್ಕನ ಉಪ್ಪುಕಂಡ, ನನ್ನ ಡ್ರಮ್ಮು

ನಾನು ಬೆಂಕಿ ಹಚ್ಚಿದ ಕಡೆ ಏನಾದರೊಂದು ಫಜೀತಿ ಆಗದೇ ಇರೋದಿಲ್ಲ. ಹರೆಯದಲ್ಲಿ ಆಗಿದೆ, ನೆಂಟರ ಮದುವೆಮನೆಗಳಲ್ಲಿ ಆಗಿದೆ, ಈಗ ಕಣ್ಣು ಮಂಜಾದ ಮೇಲೂ ಆಯ್ತು. ಅರಕಲಗೂಡು ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ನುಗಳಲ್ಲಿ ಬೆಂಕಿ ಕಾಯೋದೇ ನನ್ನ ಕಸುಬಾಗಿತ್ತು. ಆ ಸೀಮೆಯಲ್ಲಿ ನನ್ನಂಥ ಬೆಂಕಿಯವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟೋದು ಅನುಮಾನ. ಬ್ಯಾರನ್ ಗೋಡೆಗೆ ಅಂಗೈ ಇಟ್ಟರೆ ಸಾಕು, ಒಳಗೆ ಎಷ್ಟು ಶಾಖ ಇದೆ ಅಂತ ಹೇಳುತ್ತಿದ್ದೆ. ಶಾಖದ ಮೀಟರು ನನ್ನ ಮಾತಿಗಿಂತ ಬೇರೆ ತೋರಿಸಿದರೆ, ಒಂದು ಬೀಡಿ ಸೇದೋ ಹೊತ್ತಿಗೆ ಅದೇ ತಿದ್ದಿಕೊಳ್ಳುತ್ತಿತ್ತು. ಒಂದು ಸಲ ಜಡಿಮಳೆಗೆ ಸೌದೆ ನೆಂದು ಒಲೆ ಆರಿಹೋದಾಗ, ಒಲೆ ಬಾಯಿಗೆ ಮುಖ ಕೊಟ್ಟು ಒಂದೇ ಒಂದು ಬೈಗುಳ ಬೈದೆ. ಬೆಂಕಿ ಧಗ್ ಅಂತ ಎದ್ದು ಕೂತಿತು. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನೋಡಿದವರೆಲ್ಲ ಸತ್ತುಹೋಗಿದ್ದಾರೆ.

ಈ ಸಲದ ಫಜೀತಿ ನನ್ನ ಅಕ್ಕನಿಂದ ಆಯ್ತು. ಹೊಳೆನರಸೀಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಮಗನ ಮನೆಯಲ್ಲಿದ್ದಾಳೆ. ಇದ್ದಕ್ಕಿದ್ದಂತೆ ಊಟ ಬಿಟ್ಟಳು. ಹಾಸನದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ತಗೊಂಡರೆ ಇರ್ತಾರೆ, ತಗೊಳ್ಳದಿದ್ದರೆ ಹತ್ತಿರದವರಿಗೆ ಹೇಳಿಕಳಿಸಿ ಅಂದುಬಿಟ್ಟರು. ಮಗ ಇಡ್ಲಿ ತಂದ, ಹಣ್ಣು ತಂದ, ಡಬ್ಬಿಯ ಪುಡಿ ಕಲಸಿಕೊಟ್ಟ. ಅವಳು ಗೋಡೆ ಕಡೆ ತಿರುಗಿಕೊಂಡಳು. ನೆಂಟರು ಬಂದು ನೋಡಿಕೊಂಡು ಹೋಗೋದು ಶುರುವಾಯ್ತು. ಬಂದವರು ಹೊರಡುವಾಗ ಬೇಗ ಸಿಗೋ ಹಂಗೆ ಚಪ್ಪಲಿ ಬಾಗಿಲಲ್ಲೇ ಬಿಡುತ್ತಿದ್ದರು.

ನಾವು ಒಂದು ಹಟ್ಟಿ ತುಂಬ ಮಕ್ಕಳು ಹುಟ್ಟಿದ್ದು. ಉಳಿದಿರೋದು ಅವಳು, ನಾನು. ಅವಳು ಹೋದರೆ ಈ ಭೂಮಿ ಮೇಲೆ ನನ್ನ 'ಲೇ' ಅನ್ನೋರು ಯಾರೂ ಇರಲ್ಲ. ಪಕ್ಕದಲ್ಲಿ ಕೂತು, ಏನು ಬೇಕು ಕೇಳಕ್ಕ, ತಂದುಕೊಡ್ತೀನಿ ಅಂದೆ. ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಗ್ಯಾಸ್ ಬಂದ್ಮ್ಯಾಲೆ ಅನ್ನಕ್ಕೆ ಒಂದ್ ವಾಸ್ನೆನೇ ಇಲ್ಲ ಕಣ್ಲಾ. ಅವ್ವ ಒಲೆ ಮ್ಯಾಲೆ ದಾರಕ್ಕೆ ಪೋಣ್ಸಿ ಕಟ್ತಿದ್ಳಲ್ಲ ಉಪ್ಪುಕಂಡ, ಒಗೇಲಿ ಕರ್ರಗಾಗಿರೋದು. ಅದೊಂದ್ ಚೂರಿದ್ರೆ ಬಾಯ್ ಬಿಟ್ಟೇನು."

ಉಪ್ಪು ಅರಿಶಿನ ಹಚ್ಚಿದ ಮಾಂಸ ಬಿಸಿಲಲ್ಲಿ ಒಣಗಿಸೋರು ಈಗಲೂ ಇದ್ದಾರೆ. ಆದರೆ ಹೊಗೆ ಎಲ್ಲಿಂದ ತರೋದು? ನಮ್ಮ ಎರಡು ಬೀದಿ ಸೇರಿಸಿ ಹುಡುಕಿದರೂ ಒಂದು ಸೌದೆ ಒಲೆ ಇಲ್ಲ. ನಾನು ಎದೆ ತಟ್ಟಿಕೊಂಡು ಹೇಳಿದೆ, ಒಂದು ಡ್ರಮ್ಮು ತರ್ತೀನಿ, ಅದರೊಳಗೆ ಅವ್ವನ ಒಲೆಗಿಂತ ಒಳ್ಳೇ ಹೊಗೆ ಎಬ್ಬಿಸ್ತೀನಿ ಅಂತ. ಅಕ್ಕನ ಮಗ ತಲೆ ಎತ್ತಲಿಲ್ಲ. "ಬಿರ್ರನೆ ಮಾಡು ಮಾವ," ಅಂದ.

ಡ್ರಮ್ಮಿಗೂ ಟಿಕೆಟ್

ಹಾಸನದ ಗುಜರಿ ಅಂಗಡಿಯಲ್ಲಿ ಸೊಂಟದೆತ್ತರದ ಒಂದು ಎಣ್ಣೆ ಡ್ರಮ್ಮು ಸಿಕ್ಕಿತು. ಆಟೋದವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಉರುಳಿಸಿಕೊಂಡು ಬಸ್‌ಸ್ಟ್ಯಾಂಡಿಗೆ ತಂದು ಹೊಳೆನರಸೀಪುರದ ಬಸ್ಸಿನ ಹಿಂದಿನ ಬಾಗಿಲಲ್ಲಿ ತೂರಿಸಿದೆ. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ, ಬಸ್ಸು ಕಿಕ್ಕಿರಿದಿತ್ತು. ನಿಂತುಕೊಳ್ಳಲಾರದ ಒಬ್ಬ ಅಜ್ಜಿ ಡ್ರಮ್ಮಿನ ಮೇಲೆ ಕೂತಳು. ಅವಳು ಮೊಸಳೆ ಅನ್ನೋ ಊರಲ್ಲಿ ಇಳಿದ ಕೂಡಲೇ ಇನ್ನೊಬ್ಬಳು ಕೂತಳು. ನಾನು ಮಾತ್ರ ಡ್ರಮ್ಮು ತಬ್ಬಿಕೊಂಡು ನಿಂತೇ ಇದ್ದೆ.

ಕಂಡಕ್ಟರು ಬಂದು ಲಗೇಜ್ ಟಿಕೆಟ್ ಹರಿದ. ನನಗೆ ಸಿಟ್ಟು ಬಂತು. ಇಷ್ಟು ಜನ ಹೆಂಗಸರಿಗೆ ಸೀಟಾಗಿರೋ ಡ್ರಮ್ಮಿಗೆ ಟಿಕೆಟ್ಟಾ ಅಂತ ಕೇಳಿದೆ. ಅವನು ಡ್ರಮ್ಮನ್ನ ಮೇಲಿಂದ ಕೆಳಗೆ ನೋಡಿದ.

"ಕೂತಿರೋರು ಹೆಂಗಸ್ರು ಅಜ್ಜ, ಡ್ರಮ್ಮು ಹೆಂಗಸಲ್ಲವಲ್ಲ."

ಹೊಗೆ ಓಡಿಸಿದ ಕೈ

ಡ್ರಮ್ಮನ್ನ ನಮ್ಮ ಹಿತ್ತಲಲ್ಲಿ ನಿಲ್ಲಿಸಿ, ಮೊದಲು ಬರಿದೇ ಸುಟ್ಟು ಎಣ್ಣೆಯ ಜಿಡ್ಡೆಲ್ಲ ಕಳೆದೆ. ಕೆಳಗೆ ಗಾಳಿಗೆ ತೂತು ಕೊರೆಸಿದೆ, ಮೇಲೆ ಮುಚ್ಚಳಕ್ಕೆ ಒಂದು ಕೊಳವೆ. ಚನ್ನರಾಯಪಟ್ಟಣದಲ್ಲಿ ಅಕ್ಕನ ಮಗಳ ಮನೆ. ತೆಂಗಿನಕಾಯಿ ವ್ಯಾಪಾರದವರು, ಒಂದು ಮೂಟೆ ಕರಟ ಕಳಿಸಿದರು. ಕರಟದ ಕೆಂಡದ ಶಾಖಕ್ಕೆ ಸಾಟಿ ಇಲ್ಲ. ಅದರ ಮೇಲೆ ಉಪ್ಪು ಅರಿಶಿನ ಹಚ್ಚಿದ ಮಾಂಸವನ್ನ ದಾರಕ್ಕೆ ಪೋಣಿಸಿ ತೂಗುಹಾಕಿದೆ.

ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಶಾಖ ಒಳಗಿರಬೇಕು, ಹೊಗೆ ಎಲೆಗೆ ಸೋಕಬಾರದು. ಬೆಂಕಿಯ ಹೊಗೆಯೆಲ್ಲ ದಪ್ಪ ಕೊಳವೆಯಲ್ಲಿ ಸುತ್ತಿ ಚಿಮಣಿಯಿಂದ ಆಚೆ ಹೋಗಬೇಕು. ಜೀವಮಾನ ಪೂರ್ತಿ ಅದನ್ನೇ ಕಾದ ಕೈ ನನ್ನದು. ಡ್ರಮ್ಮಿನಲ್ಲೂ ಅದೇ ಮಾಡಿತು. ಕೆಂಡಕ್ಕೆ ಒಂದು ತಗಡಿನ ಗೂಡು ಕಟ್ಟಿ, ಹೊಗೆಯನ್ನೆಲ್ಲ ಅಚ್ಚುಕಟ್ಟಾಗಿ ಕೊಳವೆಯಿಂದ ಆಚೆ ಕಳಿಸಿಬಿಟ್ಟೆ. ಎಷ್ಟು ಚೆನ್ನಾಗಿ ಕಳಿಸಿದೆ ಅಂದರೆ, ಹೊಳೆ ಆಚೆ ಗದ್ದೆಯಲ್ಲಿದ್ದ ಕೊಕ್ಕರೆಗಳು ಕೆಮ್ಮಿಕೊಂಡು ಎದ್ದುಹೋದವು. ಮುಚ್ಚಳ ತೆಗೆದರೆ ಮಾಂಸ ಹಳೇ ಎಕ್ಕಡದ ಹಾಗೆ ಸೆಟೆದುಕೊಂಡಿತ್ತು. ಮೂಸಿದರೆ ಅಕ್ಕ ಹೇಳಿದ ಹಾಗೇ, ಒಂದು ವಾಸನೆನೇ ಇಲ್ಲ.

ಮಾರನೆ ದಿನ ಗೂಡು ಕಿತ್ತುಹಾಕಿ, ಹೊಗೆ ಎಲ್ಲೂ ಹೋಗದಂತೆ ಎಲ್ಲ ತೂತಿಗೂ ಮಣ್ಣು ಮೆತ್ತಿದೆ. ಬೆಂಕಿ ಸತ್ತುಹೋಯ್ತು, ಮಾಂಸ ಹಸಿಯಾಗೇ ಬೆವರಿಕೊಂಡು ಕೂತಿತ್ತು. ಆಮೇಲೆ ಎಲ್ಲ ತೂತೂ ತೆಗೆದೆ. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದು ಹೊತ್ತಿಕೊಂಡಿತು. ಆ ಸಲ ಸಿಕ್ಕಿದ್ದು ದಾರ ಮಾತ್ರ, ಅದೂ ಅರ್ಧ.

ಪ್ರತಿ ಸಲವೂ ಅಕ್ಕನ ಮಗ ಹೋಗಿ ಮತ್ತೆ ಮಾಂಸ ತಂದುಕೊಡುತ್ತಿದ್ದ. ಅಕ್ಕನ ಕೈ ದಿನದಿಂದ ದಿನಕ್ಕೆ ಹಗುರಾಗುತ್ತಿತ್ತು. ಹಿಡಿದುಕೊಂಡರೆ ಒಣಗಿದ ಎಲೆ ಹಿಡಿದ ಹಾಗಿತ್ತು. ಮಾಂಸದಂಗಡಿಯವನಿಗೆ ಇದೇನು ಗೊತ್ತು. ಇಷ್ಟು ಮಾಂಸ ಒಯ್ತಿದೀರಲ್ಲ ಸಾ, ಮನೇಲಿ ಬೀಗರೂಟನಾ ಅಂತ ಕೇಳಿದನಂತೆ. ಅಕ್ಕನ ಮಗ ಇದ್ದದ್ದು ಇದ್ದ ಹಾಗೆ ಹೇಳಿ ಬಂದಿದ್ದಾನೆ:

"ಇಲ್ಲ, ನಮ್ಮವ್ವ ಊಟ ಬಿಟ್ಟವ್ಳೆ."

ಜ್ವರದ ಕಡ್ಡಿ

ಶಾಖ ತಿಳಿಯದೆ ಗಾಳಿ ಬಿಡೋದು ಕುರುಡರ ಕೆಲಸ. ಅಂಗೈ ಇದೆಯಲ್ಲ ಅಂತ ಡ್ರಮ್ಮಿಗೆ ಇಟ್ಟೆ. ಬ್ಯಾರನ್ನಿನ ಮಣ್ಣುಗೋಡೆ ಬೇರೆ, ಎಣ್ಣೆ ಡ್ರಮ್ಮಿನ ತಗಡು ಬೇರೆ ಅಂತ ಅಂಗೈಗೆ ಮೊದಲು ಗೊತ್ತಾಯ್ತು, ನನಗೆ ಆಮೇಲೆ. ಮನೆಯಲ್ಲಿ ಕೇಳಿದರೆ ಏನು ಹೇಳೋದು ಅಂತ ಆ ಕೈಯನ್ನ ಜೇಬಿನಿಂದ ತೆಗೆಯಲೇ ಇಲ್ಲ.

ಅಕ್ಕನ ತಲೆದಿಂಬಿನ ಹತ್ತಿರ ಜ್ವರ ನೋಡೋ ಕಡ್ಡಿ ಇತ್ತು, ಗುಂಡಿ ಒತ್ತಿದರೆ ನಂಬರು ಬರೋದು. ಮನುಷ್ಯರ ಶಾಖ ತೋರಿಸೋದು ಮಾಂಸದ ಶಾಖ ತೋರಿಸಲ್ಲವಾ ಅಂತ ಯಾರಿಗೂ ಹೇಳದೆ ತಂದು ಮುಚ್ಚಳದ ತೂತಿನಲ್ಲಿ ಇಳಿಬಿಟ್ಟೆ. ಅದು ಕುಯ್ಯ್ ಅಂತ ಒಂದು ಸದ್ದು ಮಾಡಿತು. ಆಮೇಲೆ ನಂಬರೂ ಇಲ್ಲ, ಸದ್ದೂ ಇಲ್ಲ. ತುದಿ ಸ್ವಲ್ಪ ಬಾಗಿತ್ತು. ಒರೆಸಿ ವಾಪಸ್ ಇಟ್ಟುಬಂದೆ.

ಮಾರನೆ ದಿನ ನಾನು ಅಲ್ಲೇ ಕೂತಿದ್ದೆ. ಅಕ್ಕನ ಮೈ ತಣ್ಣಗಿದೆ ಅಂತ ಸೊಸೆ ಗಾಬರಿಯಾಗಿ ಕಡ್ಡಿಯನ್ನ ಅವಳ ಬಾಯಿಗಿಟ್ಟಳು. ಗುಂಡಿ ಒತ್ತಿದರೆ ಏನೂ ಬರಲಿಲ್ಲ. ಸೊಸೆಯ ಮುಖ ಬಿಳಿಚಿಕೊಂಡಿತು. ನಂಬರು ಬರದಿದ್ದರೆ ಆಯ್ತು ಅಂತ ಅರ್ಥ ಅಂದುಕೊಂಡಳೋ ಏನೋ, ಸೆರಗು ಬಾಯಿಗೆ ಇಟ್ಟುಕೊಂಡು ಅಳೋದಕ್ಕೆ ಶುರುಮಾಡಿದಳು. ಆಚೆ ಕೂತಿದ್ದ ನೆಂಟರೆಲ್ಲ ಎದ್ದು ಒಳಗೆ ಬಂದರು. ಅಷ್ಟರಲ್ಲಿ ಅಕ್ಕ ಕಣ್ಣು ತೆರೆದಳು. ಕಡ್ಡಿಯನ್ನ ಒಂದು ಸಲ ಚೀಪಿದಳು.

"ಯಾರ್ ಮನೇಲಿ ಉಪ್ಪುಕಂಡ?" ಅಂದಳು.

ಐನೋರ ಗಾಳಿ

ನಮ್ಮ ಹಿತ್ತಲ ಗೋಡೆ ಆಚೆ ದೇವಸ್ಥಾನದ ಅರ್ಚಕರ ಮನೆ. ಗಾಳಿ ಯಾವಾಗಲೂ ನಮ್ಮ ಕಡೆಯಿಂದ ಅವರ ಕಡೆಗೇ ಬೀಸುತ್ತೆ. ಒಂದು ಬೆಳಗ್ಗೆ ಅವರು ಒದ್ದೆ ಪಂಚೆಯಲ್ಲೇ ಗೋಡೆ ಹತ್ತಿರ ಬಂದು ನಿಂತರು. ಈಗ ಜಗಳ ಗ್ಯಾರಂಟಿ ಅಂತ ನಾನು ಎದೆ ಸೆಟೆಸಿಕೊಂಡೆ. ಅವರು ಕಣ್ಣು ಒರೆಸಿಕೊಂಡು, ಒಳಗಿರೋದು ಏನು ಅಂತ ನಾನು ಕೇಳೋದಿಲ್ಲ, ನೀವೂ ಹೇಳಬೇಡಿ, ಆದರೆ ಬೆಂಕಿ ಹೀಗೆ ಮಾಡೋದಲ್ಲ ಅಂದರು. ಬೆಂಕಿ ವಿಷಯದಲ್ಲಿ ನನಗೆ ಬುದ್ಧಿ ಹೇಳಿದವರು ಅಲ್ಲಿವರೆಗೂ ಹುಟ್ಟಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿರಲಿಲ್ಲ. ಅಕ್ಕನ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯ್ತು. ಅವರ ತಾಯಿ ಹೋಗಿ ವರ್ಷ ತುಂಬಿರಲಿಲ್ಲ.

ಆಮೇಲೆ ಗೋಡೆಗೆ ಒರಗಿ ನಿಧಾನವಾಗಿ ಹೇಳಿದರು. ಹೋಮದಲ್ಲೂ ಇದೇ ಕಷ್ಟವಂತೆ. ಬಿಳಿ ದಪ್ಪ ಹೊಗೆ ಬಂದರೆ ಬೆಂಕಿಗೆ ಉಸಿರು ಕಟ್ಟಿದೆ ಅಂತ. ಮೇಲಿನ ಕೊಳವೆ ಪೂರ್ತಿ ಬಿಡಬೇಕು, ಅದನ್ನ ಮುಟ್ಟಲೇಬಾರದು. ಕೆಳಗಿನ ತೂತುಗಳಲ್ಲಿ ಒಂದನ್ನ ಮಾತ್ರ ಬೆರಳಗಲ ತೆಗೆದು ಮಿಕ್ಕಿದ್ದು ಮುಚ್ಚಬೇಕು. ಶಾಖ ಏರಿದರೆ ಆ ಒಂದನ್ನೇ ಕಿರಿದು ಮಾಡಬೇಕು. ಬೇಗ ಆಗಲಿ ಅಂತ ಮುಚ್ಚಳ ತೆಗೆದು ತೆಗೆದು ನೋಡಬಾರದು. ಹೊಗೆ ತೆಳ್ಳಗೆ, ನೀಲಿ ಬಣ್ಣಕ್ಕೆ ತಿರುಗಿದಾಗ ನಿಮ್ಮ ಪದಾರ್ಥಕ್ಕೆ ಹಿತ ಅಂದರು. ಇದನ್ನೆಲ್ಲ ನಾನು ಹೇಗೂ ಮಾರನೆ ದಿನ ಕಂಡುಹಿಡೀತಿದ್ದೆ. ಅವರು ಒಂದು ದಿನ ಮುಂಚೆ ಹೇಳಿದರು, ಅಷ್ಟೇ.

ಅಂದಿನಿಂದ ಪೂಜೆ ಮುಗಿಸಿ ಬರುವಾಗೆಲ್ಲ ಗೋಡೆ ಹತ್ತಿರ ನಿಂತು, ಪದಾರ್ಥ ಹೇಗಿದೆ ಗೌಡ್ರೇ ಅಂತ ಕೇಳೋರು. ನಾನು ಆಗ್ತಾ ಇದೆ ಸ್ವಾಮಿ ಅನ್ನೋನು. ಕೊನೇ ದಿನ ಹೊಗೆ ನೀಲಿಯಾಗಿ, ತೆಳ್ಳಗೆ, ದಾರದ ಹಾಗೆ ಎದ್ದಿತು. ಅವರು ಕಣ್ಣು ಮುಚ್ಚಿಕೊಂಡು ಒಂದು ಸಲ ಉದ್ದ ಉಸಿರೆಳೆದರು. ತಟ್ಟನೆ ಕಣ್ಣು ಬಿಟ್ಟು ಆ ಕಡೆ ಈ ಕಡೆ ನೋಡಿದರು.

"ನಾನು ಉಸಿರಾಡಿದ್ದು ಅಷ್ಟೇ ಗೌಡ್ರೇ," ಅಂದರು. "ಉಸಿರಾಡಲೇಬೇಕಲ್ಲ."

ಸೋಮವಾರ

ಮಾಂಸ ಕರ್ರಗೆ, ಒಳಗೆ ಕೆಂಪಗೆ, ಅವ್ವನ ಒಲೆ ಮೇಲಿದ್ದ ಹಾಗೇ ಬಂದಿತ್ತು. ಒಂದು ಎಳೆಯನ್ನ ಕೆಂಡದ ಮೇಲೆ ಸುಟ್ಟು, ಅಕ್ಕನಿಗೆ ಹಲ್ಲಿಲ್ಲ ಅಂತ ಗುಂಡುಕಲ್ಲಲ್ಲಿ ಜಜ್ಜಿ ಹತ್ತಿಯ ಹಾಗೆ ಬಿಡಿಸಿದೆ. ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಓಡಿದೆ. ಈ ವಯಸ್ಸಲ್ಲಿ ನಾನು ಓಡಿದ್ದು ನೋಡಿ ಬೀದಿಯವರು, ಆಯ್ತು, ಮುಗೀತು ಅಂದುಕೊಂಡು ಹಿಂದೆಯೇ ಬಂದರು. ಮನೆ ತುಂಬ ಜನ. ಅಕ್ಕ ಚಾಪೆಗೆ ಅಂಟಿಕೊಂಡಿದ್ದಳು. ಉಸಿರು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕಾಗಿತ್ತು.

ಎಲೆ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಮೂಗಿನ ಹೊಳ್ಳೆ ಅರಳಿತು. ಕಣ್ಣು ಬಿಟ್ಟಳು. ಬಾಯಿ ತೆರೆಯೋದರಲ್ಲಿದ್ದವಳು ನಿಲ್ಲಿಸಿದಳು.

"ಇವತ್ ಯಾವಾರ್ಲಾ?"

"ಸ್ವಾಮಾರ ಕಣಕ್ಕ."

ಬಾಯಿ ಮುಚ್ಚಿಕೊಂಡಳು. ಸೋಮವಾರ ನಮ್ಮ ಮನೆದೇವರ ವಾರ, ಹುಟ್ಟಿದಾಗಿನಿಂದ ಆ ದಿನ ಮಾಂಸ ಮುಟ್ಟಿದವಳಲ್ಲ. ಡ್ರಮ್ಮಿನ ಗಾಳಿ ನೋಡಿದೆ, ಶಾಖ ನೋಡಿದೆ, ವಾರ ನೋಡಲಿಲ್ಲ. ಮಗ ಅವಳ ಕಾಲು ಹಿಡಿದುಕೊಂಡು ಬೇಡಿದ. ದೇವರು ಏನೂ ಅಂದುಕೊಳ್ಳಲ್ಲ ಅಂತ ನಾನೂ ಹೇಳಿದೆ.

"ಓಗೋ ಕಾಲ್ದಲ್ಲಿ ಸ್ವಾಮಾರ ಕೆಡಿಸ್ಕಂಡ್ ಓಗನಾ? ನಾಳೆ ತಿಂತೀನಿ."

ನಾಳೆವರೆಗೆ ಇರ್ತಾಳಾ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಮಗ ತಲೆ ತಗ್ಗಿಸಿ, "ನಾಳೆಗಂಟ ಇರ್ಬೇಕಲ್ಲವ್ವಾ," ಅಂದ.

ಅಕ್ಕ ಯೋಚನೆ ಮಾಡಿದಳು. ಮಾತು ಸರಿ ಅನ್ನಿಸಿರಬೇಕು.

"ಅಂಗಾರೆ ಒಸಿ ಗಂಜಿ ಕೊಡು," ಅಂದಳು.

ಸೊಸೆ ಅಡುಗೆಮನೆಗೆ ಓಡಿದಳು. ಅಕ್ಕ ಸೋಮವಾರ ಮಧ್ಯಾಹ್ನ ಗಂಜಿ ಕುಡಿದಳು. ಸಂಜೆಗೆ ಸಾಲದು ಅಂತ ಇನ್ನೊಂದು ಲೋಟ ಕುಡಿದಳು. ಮಂಗಳವಾರ ಬೆಳಗ್ಗೆ ಗೋಡೆಗೆ ಒರಗಿ ಕೂತು, ಅದನ್ನ ತಗೊಂಬಾ ಅಂತ ಅವಳೇ ಹೇಳಿಕಳಿಸಿದಳು.

ಹೋಗೋಕೆ ಮನಸ್ಸು ಬಾರದೆ ಉಳಿದಿದ್ದ ನೆಂಟರೆಲ್ಲ ಸುತ್ತ ನಿಂತರು. ನಾನು ಮೀಸೆ ತಿರುವಿಕೊಂಡು ಮುಂದೆ ಕೂತು, ಒಂದು ಚೂರು ಅವಳ ಬಾಯಿಗಿಟ್ಟೆ. ಅಕ್ಕ ಒಸಡಿನಲ್ಲಿ ಆ ಕಡೆಗೊಂದು ಸಲ, ಈ ಕಡೆಗೊಂದು ಸಲ ಹೊರಳಿಸಿದಳು. ಎಷ್ಟೋ ಹೊತ್ತು ಅಗಿದಳು. ನುಂಗಿದಳು. ಚೆನ್ನಾಗೈತಾ ಅಕ್ಕ ಅಂತ ಕೇಳಿದೆ. ಅವಳು ನನ್ನ ನೋಡಲೇ ಇಲ್ಲ. ಮಗನನ್ನ ಹತ್ತಿರ ಕರೆದಳು.

"ಮಗ, ನಾನ್ ಸತ್ಮ್ಯಾಲೆ ನನ್ ಎಡೆಗೆ ಉಪ್ಪುಕಂಡ ಇಕ್ಕಾದಾದ್ರೆ, ಇವನ ಕೈಲಿ ಮಾತ್ರ ಮಾಡಿಸ್ಬ್ಯಾಡ ಕಣಪ್ಪ."

ಅಷ್ಟು ಹೇಳಿ, ನನ್ನ ಕಡೆ ತಿರುಗಿ, ಇನ್ನೊಂದು ಚೂರಿಗೆ ಬಾಯಿ ತೆರೆದಳು.